ಪ್ಲಸ್ ನಾಲ್ಕೂವರೆ

ಚಿಲೊಯೆಯ ದ್ವೀಪಗಳಿಗೆ ತಿಂಗಳಿಗೊಮ್ಮೆ
ಕನ್ನಡಕದ ಪೆಟ್ಟಿಗೆ ಹೊತ್ತು ಹೋಗುವ ದೋಣಿ ನಮ್ಮದು.
ಅದನ್ನು ಎಲ್ಲರಿಗಿಂತ ಮೊದಲು ಕಾಣುವವಳು ಎದುವಿನಾ,
ಏಳು ವರ್ಷ, ಮೊಣಕಾಲಲ್ಲಿ ಸದಾ ಒಂದು ಗಾಯ.
ನಾವಿನ್ನೂ ನೀರಂಚಿನ ಚುಕ್ಕಿ,
ಆಗಲೇ ಕೂಗುತ್ತಾಳಂತೆ:
'ಚುಕ್ಕಾಣಿ ಹಿಡಿದವನು ಇವತ್ತು ಬೇರೆ. ಟೊಪ್ಪಿ ಕೆಂಪು!'

ಅಂಥವಳು ಪುಸ್ತಕ ತೆರೆದರೆ ಅಳು.
ಅಕ್ಷರಗಳು ಮೊದಲು ನೆಟ್ಟಗೆ ನಿಂತಿರುತ್ತವೆ, ಆಮೇಲೆ
ಸಕ್ಕರೆ ಕಂಡ ಇರುವೆಗಳು, ಒಂದರ ಮೇಲೊಂದು.
ಹಣೆ ಸಿಡಿಯುತ್ತದೆ. ಬಲಗಣ್ಣು ಮೂಗಿನತ್ತ ಜಾರುತ್ತದೆ.
'ಮೈಗಳ್ಳಿ' ಎಂದರು ಮೇಷ್ಟ್ರು ಎರಿಬೆರ್ತೊ.
'ದೃಷ್ಟಿ ತಾಗಿದೆ' ಎಂದು ಅಜ್ಜಿ ರೊಸೆಂದಾ
ಮಣಿಕಟ್ಟಿಗೆ ಕೆಂಪು ಉಣ್ಣೆಯ ದಾರ ಕಟ್ಟಿದಳು.
ಅಜ್ಜಿಯ ಮಾತಿನಲ್ಲಿ ಅರ್ಧ ನಿಜವಿತ್ತು.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ,
ಇವಳಿಗೆ ತಿರುಗುಮುರುಗು:
ಬೆಟ್ಟದ ಒಂದೊಂದು ಮರವೂ ಲೆಕ್ಕಕ್ಕೆ ಸಿಗುತ್ತದೆ,
ಕೈಯಲ್ಲಿರುವ ಪುಟವೇ ನುಣ್ಣಗೆ.
ಇದಕ್ಕೆ ಹೆಸರು ದೂರದೃಷ್ಟಿ.
ಮಂತ್ರಿಗಳಿಗಿದ್ದರೆ ಗುಣ, ಮಕ್ಕಳಿಗಿದ್ದರೆ ದೋಷ.

ಗೋಡೆಯ ಪಟದ ಕೊನೆಯ ಸಾಲನ್ನೂ ಪಟಪಟ ಹೇಳಿಬಿಟ್ಟಳು.
ನಾವು ಮೋಸಹೋಗುವುದು ಅಲ್ಲೇ.
ಎಳೆಯ ಕಣ್ಣು ತನ್ನ ಕೊರತೆಯನ್ನು
ಒಳಗೊಳಗೇ ಬಿಗಿಹಿಡಿದು, ಹೊರಗೆ ನಗುತ್ತಿರುತ್ತದೆ.

ಹನಿ ಬಿಟ್ಟೆ. ಉರಿಯಿತು. ಬೈದಳು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೆಂದರೆ ಇದೇ,
ನಲವತ್ತು ನಿಮಿಷ; ಎಣ್ಣೆಯಲ್ಲ, ಅಷ್ಟೆ.
ಪಾಪೆ ಅರಳಿ ಮಾಕಿ ಹಣ್ಣಿನಷ್ಟು ಕಪ್ಪಾಯಿತು.
ಒಳಗಿನ ಸ್ನಾಯು ಕೊನೆಗೂ ಹಗ್ಗ ಬಿಟ್ಟಿತು.

ಬೆಳಕಿನ ಗೆರೆಯನ್ನು ಎಡಕ್ಕೆ ಸರಿಸಿದೆ,
ಕಣ್ಣೊಳಗಿನ ಕಿತ್ತಳೆ ಹೊಳಪೂ ಎಡಕ್ಕೆ ಬಂತು.
ಬಲಕ್ಕೆ; ಅದೂ ಬಲಕ್ಕೆ, ಹಸುವಿನ ಹಿಂದೆ ಕರು.
ಉಬ್ಬುಗಾಜು ಬದಲಿಸುತ್ತ ಹೋದೆ: ಮೂರು, ನಾಲ್ಕು, ಐದು,
ಆರರಲ್ಲಿ ಕರು ನಿಂತಿತು.
ನನ್ನ ತೋಳಿನ ದೂರಕ್ಕೆ ಒಂದೂವರೆ ಕಳೆದೆ.

'ಕಣ್ಣುಗುಡ್ಡೆ ಗಿಡ್ಡ' ಎಂದೆ ಅಜ್ಜಿಗೆ.
'ಬೆಳಕು ಪರದೆಯ ಮೇಲೆ ಕೂಡುವುದಿಲ್ಲ, ಅದರ ಹಿಂದೆಲ್ಲೋ.'
ಹೆಣಿಗೆಕಡ್ಡಿ ನಿಲ್ಲಿಸದೆ ಅಂದಳು:
'ಅಳತೆ ತಪ್ಪಿದ ಕಾಲುಚೀಲ ಅನ್ನು.
ಬಿಚ್ಚಿ ಮತ್ತೆ ಹೆಣೆಯೋಕಾಗಲ್ವಾ?'
ಬೆಳೆಯುತ್ತ ತಾನೇ ಒಂದಿಷ್ಟು ಉದ್ದವಾಗಬಹುದು.
ಅಲ್ಲಿಯವರೆಗೆ ಗಾಜು.

ಬರೆದ ಚೀಟಿಯನ್ನು ಓದಲು ತೋಳುದ್ದ ದೂರ ಹಿಡಿದೆ.
ನನಗೆ ನಲವತ್ತೇಳು.
'ನಿಮಗೂ ಇದೆ!' ಎದುವಿನಾ ಚಪ್ಪಾಳೆ ತಟ್ಟಿದಳು.
ಇದು ಬೇರೆ, ವಯಸ್ಸಿನದು, ಎನ್ನಲು ಹೋದೆ;
ಸುಮ್ಮನಾದೆ.

ಮುಂದಿನ ತಿಂಗಳು ಕನ್ನಡಕ ಬಂತು.
ಗಾಜಿನ ಹಿಂದೆ ಕಣ್ಣುಗಳು ಗೂಬೆಮರಿಯವು.
ಜೆಟ್ಟಿಗೆ ಓಡಿದವಳು ಅತ್ತುಕೊಂಡು ಬಂದಳು:
'ನನ್ನ ದೋಣಿಗಳನ್ನ ಎಲ್ಲಿ ಬಚ್ಚಿಟ್ಟಿರಿ?'
ದೂರವೆಲ್ಲ ಮಂಜು.
ವರ್ಷಗಟ್ಟಲೆ ಬಿಗಿಹಿಡಿದದ್ದಕ್ಕೆ ಬಿಡುವುದು ಮರೆತಿರುತ್ತದೆ.
ಕೆಲವು ವಾರ, ತೆಗೀಬೇಡ, ಎಂದೆ. ನಂಬಲಿಲ್ಲ.
ನಾನಾದರೂ ನಂಬುತ್ತಿದ್ದೆನೆ?

ಅದರ ಮುಂದಿನ ಸಲ ನಮ್ಮ ದೋಣಿಯನ್ನು ಯಾರೂ ಕೂಗಲಿಲ್ಲ.
ಹಗ್ಗ ಬಿಗಿದು ಮೇಲೆ ಹತ್ತಿದರೆ
ಬೋರಲು ಹಾಕಿದ ಬುಟ್ಟಿಯ ಮೇಲೆ ಅವಳು,
ಮೂಗಿಗೆ ತಾಗುವಂತೆ ಒಂದು ಕಪ್ಪೆಚಿಪ್ಪು ಹಿಡಿದು
ಅದರ ಗೆರೆಗಳನ್ನು ಉಗುರಿನಿಂದ ಎಣಿಸುತ್ತಿದ್ದಳು.
'ಇವತ್ತು ಟೊಪ್ಪಿ ಯಾವ ಬಣ್ಣ?'
ತಲೆ ಎತ್ತಿ ನೀನೇ ನೋಡು, ಎಂದೆ.
'ಇರಿ,' ಅಂದಳು, 'ಎಣಿಕೆ ತಪ್ಪುತ್ತೆ.'