ಉಲ್ಟಾ ಮಗ್ಗಲ

ತೇರದಾಳದ ನನ್ನ ಅಂಗಡಿಗೆ ರಾಚಪ್ಪ ಮುತ್ತೂರ
ಹಳೇ ಪೇಪರಿನ್ಯಾಗ ಸುತ್ತಿ ತಂದ
ಜಕಾರ್ಡಿನ ಬೋರ್ಡು.
ಬನಹಟ್ಟಿಯ ನೂಲಧೂಳು ಇನ್ನೂ ಅದರ ಮೈಮ್ಯಾಲ.

ಮಾಡಿದವರು ಜಾಣರು:
ಚಿಪ್ಪಿನ ಬೆನ್ನ ಮ್ಯಾಲಿನ ಹೆಸರು
ಉಸುಕಿನ ಕಾಗದ ಹಚ್ಚಿ ತಿಕ್ಕ್ಯಾರ.
ಎರಡು ಕಾಲಿನ ಕರಿ ಹುಳವೇ, ನೀ ಯಾರ ಪೈಕಿ?
ಮೀಟರಿನ ಮುಳ್ಳು ಒತ್ತಿ ಕೇಳಿದೆ.
ಹೀಂಗ ಹಿಡಿದರ ಹೂಂ, ತಿರುವಿದರ ಉಹೂಂ.
ಡಯೋಡು. ಬರಕೊಂಡೆ.
ಎಂಟು ಕಾಲಿಂದು ಮಾತ್ರ ಬಾಯೇ ಬಿಡಲಿಲ್ಲ.

ಚಹಾ ಆರಿತು.
ರಾಚಪ್ಪ ಬೋರ್ಡು ಕಸಕೊಂಡ, ಮಗುಚಿದ,
ಬಿಸಿಲಿಗೆ ಹಿಡಿದ.
"ಸೀರಿ ಎಂಥಾದ್ದಂತ ಮಾರಿ ನೋಡಿ ಹೇಳೂದಿಲ್ಲ ತಮ್ಮಾ,
ಉಲ್ಟಾ ಮಗ್ಗಲ ನೋಡತೇವಿ,
ಎಳಿ ಎಲ್ಲಿಂದ ಎಲ್ಲಿಗೆ ಹೋಗೇತಿ ಅಂತ."

ಅವನ ಉಗುರು ತಾಮ್ರದ ಗೆರಿಗುಂಟ ನಡೀತು,
ಎಂಟು ಕಾಲಿನದರಿಂದ ಹೊಂಟು
ರೆಸಿಸ್ಟರು ದಾಟಿ
ಕೊಕ್ಕಿ ಎತ್ತುವ ಸುರುಳಿಯ ತನಕ.
"ಇದು ಹೇಳತೈತಿ, ಅದು ಎತ್ತತೈತಿ.
ಹೆಸರು ತಗೊಂಡು ಏನ ಮಾಡಾಂವ?"

ಸತ್ತ ಬೋರ್ಡೊಂದರಿಂದ ಅಂಥದೇ ಕಿತ್ತು ಬೆಸೆದೆ.
ಸಂಜೀಕ ಫೋನಿನ್ಯಾಗ ಮಗ್ಗದ ಸಪ್ಪಳ ಕೇಳಿಸಿದ.

ಮೂಲ್ಯಾಗಿನ ಒಂದು ಹಳದಿ ಕಾಳಿನ ದಾರಿ
ಇಬ್ಬರಿಗೂ ಸಿಕ್ಕಿರಲಿಲ್ಲ.
ಅದರ ಬಾಜೂಕ ಮಾರ್ಕರಿನಿಂದ ಬರದೇನಿ,
ಮುಂದ ಬಿಚ್ಚಾವರಿಗೆ:
ಗೊತ್ತಿಲ್ಲ. ಮುಟ್ಟಬ್ಯಾಡ್ರಿ.