ನಾಲ್ಕನೆಯ ಪುಸ್ತಕ, ಏಳನೆಯ ಸಲ

ಈಸ್ಟರ್ ರಜೆಗೆ ಇಲ್ಲಿ ಎಲ್ಲರೂ
ಕಿತ್ತಳೆ ಹಣ್ಣಿನ ಜೊತೆಗೆ ಒಂದು ಕೊಲೆಯನ್ನೂ ಕಟ್ಟಿಕೊಂಡು
ಬೆಟ್ಟ ಹತ್ತುತ್ತಾರೆ. ನಾರ್ವೆಯ ರೂಢಿ ಇದು,
ಯಾಕೆಂದು ಕೇಳಿದರೆ ಯಾರೂ ನೆಟ್ಟಗೆ ಹೇಳುವುದಿಲ್ಲ.
ಹಾಲಿನ ಡಬ್ಬದ ಮೇಲೂ ಪುಟ್ಟದೊಂದು ಪತ್ತೇದಾರಿ ಕಥೆ;
ಕಾಫಿಗೆ ಹಾಲು ಬೆರೆಸುವಷ್ಟರಲ್ಲಿ ಕಳ್ಳ ಸಿಕ್ಕಿಬಿಡುತ್ತಾನೆ.

ನನಗೆ ಈ ವರ್ಷ ಮತ್ತೆ ಅದೇ ಕೊಲೆ.
ಇಪ್ಪತ್ತೆರಡು ಪುಸ್ತಕಗಳ ಸಾಲಿನಲ್ಲಿ ನಾಲ್ಕನೆಯದು,
ಬೆನ್ನು ಮುರಿದದ್ದು, ಅರವತ್ತನೆಯ ಪುಟಕ್ಕೆ
ಯಾವುದೋ ಚಳಿಗಾಲದ ಕೋಕೋ ಮೆತ್ತಿದ್ದು.
ಕೊಂದವರು ಯಾರೆಂದು ಗೊತ್ತು. ಹೇಗೆಂದು ಗೊತ್ತು.
ದೀಪಸ್ತಂಭದ ಕೀಲಿಕೈ ಯಾರ ಕೈಗವಸಿನಲ್ಲಿತ್ತೆಂದು
ಇನ್‌ಸ್ಪೆಕ್ಟರ್ ಮಾಗ್ನಿಲ್‌ಗಿಂತ
ಇನ್ನೂರು ಪುಟ ಮೊದಲೇ ಗೊತ್ತು.

“ಗೊತ್ತಿದ್ದೂ ಯಾಕೆ ಓದುತ್ತೀ?” ಆಸ್ಗೈರ್ ಕೇಳುತ್ತಾನೆ,
ಒಲೆಯ ಮುಂದೆ ಕೂತು ಸ್ಕೀಗಳಿಗೆ ಮೇಣ ತಿಕ್ಕುತ್ತ.
ಅಣ್ಣ. ಐವತ್ತೆಂಟು. ಮಂಡಿನೋವು.
ಇವನೇ, ಹದಿನಾರನೆಯ ವಯಸ್ಸಿನಲ್ಲಿ,
ನಾನು ಮೊದಲ ಸಲ ಓದಲು ಕೂರುವ ಮುಂಚೆ
ಹದಿನೇಳನೆಯ ಪುಟದ ಅಂಚಿಗೆ ಪೆನ್ಸಿಲಿನಲ್ಲಿ ಗೀಚಿದವನು:
ಕೊಂದದ್ದು ಡಾಕ್ಟರು.

ಅತ್ತೆ. ಅಳುತ್ತಲೇ ಓದಿದೆ.
ಪಾಪ, ಆ ಡಾಕ್ಟರು ಔಷಧ ಕೊಟ್ಟರೆ ವಿಷ ಎಂದೆ,
ನಕ್ಕರೆ ಹಲ್ಲು ಎಣಿಸಿದೆ,
ಹೆಣದ ಪಕ್ಕ ಟೋಪಿ ತೆಗೆದು ನಿಂತಾಗ
ನಾಟಕ, ಬರೀ ನಾಟಕ, ಎಂದು ಹೊದಿಕೆಯೊಳಗೇ ಶಪಿಸಿದೆ.
ಕೊನೆಗೆ ನೋಡಿದರೆ ಅವನಲ್ಲ.
ಆಸ್ಗೈರ್ ಪುಸ್ತಕ ಓದಿಯೇ ಇರಲಿಲ್ಲ.

ಈಗಲೂ, ಏಳನೆಯ ಸಲವೂ,
ಡಾಕ್ಟರು ಬಾಗಿಲು ತಟ್ಟಿದರೆ ಕತ್ತಿನ ಕೂದಲು ನಿಮಿರುತ್ತದೆ.
ನಿರಪರಾಧಿ ಎಂದು ತಲೆಗೆ ಗೊತ್ತು;
ಕತ್ತಿಗೆ ಯಾರು ಹೇಳಬೇಕು?

ಆದರೆ ನಾನು ಮರಳುವುದು ಕೊಲೆಗಲ್ಲ, ಡಾಕ್ಟರಿಗೂ ಅಲ್ಲ.
ತೊಂಬತ್ತೆರಡನೆಯ ಪುಟಕ್ಕೆ.
ಅಲ್ಲಿ ಬಸ್ಸಿಗೆ ಚಿಲ್ಲರೆ ಇಲ್ಲದೆ ಔಡೂನ್ ನಿಂತಿದ್ದಾನೆ,
ಮಾಗ್ನಿಲ್‌ಳ ಸಹಾಯಕ, ಹೊಸಬ,
ಕೋಟಿನ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡವನು.
“ಹತ್ತು ಕ್ರೋನ ಕೊಡಿ ಮೇಡಂ, ಸೋಮವಾರ ವಾಪಸು.”
ಅವಳು ಕೊಡುತ್ತಾಳೆ. ಬಸ್ಸು ಹೊರಡುತ್ತದೆ.
ಅಷ್ಟೇ. ಕಥೆಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ.

ಹನ್ನೊಂದನೆಯ ಪುಸ್ತಕದಲ್ಲಿ ಅವನು ಸಾಯುತ್ತಾನೆ.
ಹಡಗುಕಟ್ಟೆಯಲ್ಲಿ, ಫೆಬ್ರವರಿಯಲ್ಲಿ, ಒಂದೇ ಪ್ಯಾರಾದಲ್ಲಿ.
ನಡುವೆ ಆರು ಪುಸ್ತಕ,
ಆರು ಪುಸ್ತಕಗಳ ಅಷ್ಟೂ ಸೋಮವಾರಗಳು.
ಒಂದರಲ್ಲೂ ಆ ಹತ್ತು ಕ್ರೋನ ವಾಪಸಾಗುವುದಿಲ್ಲ.
ನಾನು ಹುಡುಕಿದ್ದೇನೆ. ಬರೆದವನು ಮರೆತಿರಬೇಕು;
ಅವನಿಗೆ ಹೆಣಗಳ ಲೆಕ್ಕವೇ ಸಾಕಷ್ಟಿತ್ತು.
ಮಾಗ್ನಿಲ್ ಕೂಡ ಮರೆತಳೋ ಏನೋ. ಮಣ್ಣು ಮಾಡಿದ ದಿನ
ಅವಳು ಜೇಬಿಗೆ ಕೈ ಹಾಕಿ ನಿಂತಿದ್ದಳು ಎಂದಿದೆ,
ಒಳಗೆ ಏನನ್ನು ಹಿಡಿದಿದ್ದಳೆಂದು ಬರೆದಿಲ್ಲ.

ಇಲ್ಲಿ, ನಾಲ್ಕನೆಯದರಲ್ಲಿ, ಅವನಿಗೆ ಇದ್ಯಾವುದೂ ತಿಳಿಯದು.
ಬಸ್ಸಿನ ಕಿಟಕಿಗೆ ಹಣೆಯಾನಿಸಿ ಕಿತ್ತಳೆ ಸುಲಿಯುತ್ತಾನೆ,
ಸಿಪ್ಪೆ ಒಂದೇ ಸುರುಳಿಯಾಗಿ ಬರಬೇಕೆಂಬ ಹಟ.
ಈ ಪುಟವನ್ನು ನಾನು ಮೆಲ್ಲಗೆ ಓದುತ್ತೇನೆ,
ಏಪ್ರಿಲಿನ ಹಿಮಗಟ್ಟಿದ ಕೆರೆಯ ಮೇಲೆ
ಒಂದೊಂದೇ ಹೆಜ್ಜೆ ಇಟ್ಟು ನೋಡಿದ ಹಾಗೆ.
ಯಾರಿಗೂ ಹೇಳಿದವಳಲ್ಲ ಇದನ್ನು.

ಇಂದು ಪುಸ್ತಕ ತಾನಾಗಿ ಅಲ್ಲಿಯೇ ಬಿಚ್ಚಿಕೊಂಡಿತು.
ತೊಂಬತ್ತೆರಡು, ತೊಂಬತ್ತಮೂರರ ನಡುವೆ
ಹತ್ತು ಕ್ರೋನದ ಒಂದು ನಾಣ್ಯ,
ಕಾಗದಕ್ಕೆ ತನ್ನ ದುಂಡು ಗುರುತು ಒತ್ತಿ ಕೂತಿತ್ತು.

ತಲೆಯೆತ್ತಿ ನೋಡಿದೆ.
“ಡಾಕ್ಟರು ಇಟ್ಟಿರಬೇಕು,” ಎಂದ ಆಸ್ಗೈರ್,
ಸ್ಕೀಯಿಂದ ಕಣ್ಣು ತೆಗೆಯದೆ.

ನಾಣ್ಯವನ್ನು ಮೂಗಿಗೆ ಹಿಡಿದೆ.
ಮೇಣ.