ಪಕ್ಕಾ ಬಣ್ಣ

ಮೈಂದರ್ಗಿಯ ಮಹಾನಂದಾ ಬಿರಾಜದಾರ, ಇಪ್ಪತ್ತಾರು,
ಹನ್ನೊಂದನೆಯ ವಾರ.
ಚೀಟಿಯಲ್ಲಿ ಡಾಕ್ಟರರ ಮರಾಠಿ ಗೀಚು,
ಅದರ ಕೆಳಗೆ ಗೆರೆ ಎಳೆದ ಪ್ರಶ್ನೆ:
ಹೊಸದೋ, ಹಳೆಯದೋ?

ಸೋಲಾಪುರದ ಬಸ್ಸಿನ ಧೂಳು ಒರೆಸಿಕೊಳ್ಳುತ್ತ
ಮಾತಾಡುವುದೆಲ್ಲ ಅತ್ತೆಯೇ:
"ಹಿಂದಿನ ಎರಡೂ ನಿಂದರಲಿಲ್ಲ ಬಾಯಿ.
ಬೆಕ್ಕಿನಿಂದ ಬರತದ ಅಂದ್ರು.
ಚೀಲದಾಗ ಹಾಕಿ ದುಧನಿ ಸ್ಟೇಷನ್ನಿನಾಗ ಬಿಟ್ಟ ಬಂದೀವಿ.
ಇನ್ನೇನ ಮಾಡಬೇಕ ಹೇಳ್ರಿ."
ನಾನೇನೂ ಹೇಳಲಿಲ್ಲ.
ಮಹಾನಂದಾ ಗೋಡೆಯ ಕಡೆ ಮುಖ ಮಾಡಿ
ತೋಳು ಚಾಚಿದಳು.

ಗರಗರ ತಿರುಗಿ ನಿಂತ ಕೊಳವೆಯಲ್ಲಿ
ಕೆಂಪು ಕೆಳಗಿಳಿದು, ಮೇಲುಳಿಯುವುದು
ಜೋಳದ ಕಣಿಕೆ ಬಣ್ಣದ ತಿಳಿ.
ಅದರೊಳಗೆ ಸಾಕ್ಷಿಗಳು.
ಮೊದಲು ಓಡಿಬರುವವನು ಐಜಿಎಂ, ದೊಡ್ಡ ಮೈ,
ಹತ್ತು ಕೈ, ಗಡಿಬಿಡಿ,
ಸಿಕ್ಕಲ್ಲಿ ಹಿಡಿದು ಸಿಕ್ಕಲ್ಲಿ ಜಾರುವವನು.
ಅವನಿದ್ದರೆ ಕಳ್ಳ ಈಗಷ್ಟೇ ಹೊಕ್ಕ
ಎನ್ನುತ್ತದೆ ಪುಸ್ತಕ.
ಆದರೆ ಕೆಲವರ ಮೈಯಲ್ಲಿ ಅವನು ಹೋಗುವುದೇ ಇಲ್ಲ.
ಕಳ್ಳ ಮಲಗಿ ವರ್ಷ ಕಳೆದರೂ
ಹೊಸ್ತಿಲ ಮೇಲೆ ಕೂತು ಕೂಗುತ್ತಲೇ ಇರುತ್ತಾನೆ.
ಆಮೇಲೆ ಬರುವವನು ಐಜಿಜಿ,
ಸಣ್ಣವನು, ಎರಡೇ ಕೈ.
ಬಂದರೆ ಕೊನೆತನಕ ಇರುತ್ತಾನೆ.

ಮಹಾನಂದಾಳ ತಿಳಿಯಲ್ಲಿ ಇಬ್ಬರೂ ಇದ್ದರು.
ಇಬ್ಬರೂ ಇದ್ದರೆ ಏನೂ ತಿಳಿಯುವುದಿಲ್ಲ.

ನಮ್ಮಪ್ಪ ಸಾಖರ ಪೇಠೆಯ ಡೈಹೌಸಿನಲ್ಲಿ
ಮೂವತ್ತೆಂಟು ವರ್ಷ ನೂಲು ಅದ್ದಿದವನು.
ಚಾದರಿನ ಆರ್ಡರು ಯಾವುದೆಂದು
ಅವನ ಉಗುರು ನೋಡಿ ಹೇಳುತ್ತಿದ್ದೆವು.
ಅನ್ನ ಕಲಸುವಾಗಲೂ ಮೊಣಕೈತನಕ ನೀಲಿ.
ಒಮ್ಮೆ ಲಡಿಯೊಂದನ್ನು ಬಿಸಿನೀರಿಗೆ ಹಾಕುತ್ತ ಅಂದಿದ್ದ:
"ಬಣ್ಣ ಹತ್ತೇದೋ ಇಲ್ಲೋ ಕಣ್ಣಿಗೆ ತಿಳೀದಿಲ್ಲ ಮಗಳ.
ತೊಳದ ನೋಡು."

ತೊಳೆದೆ.
ಒಂದೇ ತಿಳಿ, ಎರಡು ಗುಳಿ.
ಒಂದಕ್ಕೆ ಸಾದಾ ನೀರು,
ಇನ್ನೊಂದಕ್ಕೆ ಯೂರಿಯಾ,
ಹೊಲಕ್ಕೆ ಚೆಲ್ಲುತ್ತಾರಲ್ಲ, ಅದೇ.
ನಿನ್ನೆ ಮೊನ್ನೆ ಹುಟ್ಟಿದ ಐಜಿಜಿ
ಅದರ ಉರಿಗೆ ಕೈಬಿಟ್ಟು ತೇಲಿಹೋಗುತ್ತಾನೆ.
ತಿಂಗಳುಗಟ್ಟಲೆ ಹಿಡಿದು ಹಿಡಿದು
ಹಿಡಿಯುವುದನ್ನು ಕಲಿತವನು ಬಿಡುವುದಿಲ್ಲ.
ಮೊದಲು ನೀಲಿ. ಆಮ್ಲ ಬಿತ್ತು, ಹಳದಿ.
ಎರಡೂ ಗುಳಿ ಹಳದಿ.
ನೂರಕ್ಕೆ ಎಪ್ಪತ್ತೊಂದು.
ಅಪ್ಪನಿದ್ದರೆ ಅನ್ನುತ್ತಿದ್ದ, ಪಕ್ಕಾ.

ರಿಪೋರ್ಟು ಇಂಗ್ಲಿಷಿನಲ್ಲಿ ಬರೆದೆ.
ಡಾಕ್ಟರರಿಗೆ ಫೋನಿನಲ್ಲಿ ಮರಾಠಿಯಲ್ಲಿ ಹೇಳಿದೆ.
ಆಗಲೆಂದರು ಅವರು,
ನಿಮ್ಮ ಭಾಷೆಯಲ್ಲಿ ನೀವೇ ತಿಳಿಸಿ.
"ಹಳೇದವ್ವಾ. ಕೂಸು ಮೂಡೋಕಿಂತ ಮೊದಲಿಂದು.
ಈ ಕೂಸಿಗೆ ಇದರ ಅಂಜಿಕಿ ಇಲ್ಲ."
"ಹಳೇದಂದ್ರ? ಇನ್ನ ಒಳಗ ಅದ ಏನು?"
"ಅದ. ಮಲಗೇದ. ಅದರ ಪಾಡಿಗೆ ಅದು ಇರತದ."
"ಹಂಗಾದ್ರ ಹಿಂದಿನ ಎರಡೂ ಯಾಕ ಹೋದ್ವು?"

ಅದನ್ನು ತೊಳೆದು ನೋಡಲು
ನನ್ನ ತಟ್ಟೆಯಲ್ಲಿ ಗುಳಿಯಿಲ್ಲ.
ತೊಂಬತ್ತಾರು ಗುಳಿ, ಅದಕ್ಕೊಂದಿಲ್ಲ.
"ಇದರಿಂದ ಅಲ್ಲ ಅಂತ ಕಾಣತದ" ಎಂದೆ.
ಅತ್ತೆ ಸೆರಗಿನ ತುದಿಯಲ್ಲಿ ರಿಪೋರ್ಟನ್ನು
ರೊಟ್ಟಿಯ ಹಾಗೆ ಸುತ್ತಿಕೊಂಡಳು.

ಮಹಾನಂದಾ ಬಾಗಿಲಲ್ಲಿ ನಿಂತಳು.
ಹತ್ತಿಯುಂಡೆಯನ್ನು ಇನ್ನೂ ತೋಳಿನ ಮಡಿಕೆಯಲ್ಲಿ
ಬಿಗಿಯಾಗಿ ಒತ್ತಿಕೊಂಡೇ ಇದ್ದಳು,
ರಕ್ತ ನಿಂತು ಎಷ್ಟೋ ಹೊತ್ತಾಗಿತ್ತು.
ಬೆಳಗಿನಿಂದ ಮೊದಲ ಸಲ ಬಾಯಿ ತೆರೆದು ಕೇಳಿದಳು:
"ಸಂಜೀ ಗಾಡಿ ದುಧನಿಗೆ ನಿಂದರತದೇನ್ರಿ?"